ಸರಾಸರಿ ನಿಂತಲ್ಲಿ ಯಾರೂ ಇರಲಿಲ್ಲ

ಮೈಸೂರು

ಚಿ. ಅನಘಾ,

ನೀನು ಕಳಿಸಿದ ಚಿತ್ರ ನೋಡಿದೆ. ನಿಮ್ಮ ಕಣ್ಣಾಸ್ಪತ್ರೆಯಲ್ಲಿ ಹೊರರೋಗಿಗಳು ಡಾಕ್ಟರಿಗಾಗಿ ಎಷ್ಟೆಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು ದಿನಕ್ಕೊಂದರಂತೆ ಪಿಟೀಲುಗಳಾಗಿ, ಅಂದರೆ ವಯಲಿನ್ ಪ್ಲಾಟುಗಳಾಗಿ, ಸಾಲಾಗಿ ನಿಲ್ಲಿಸಿದ್ದೀಯ. ಬಣ್ಣ ಹಿತವಾಗಿದೆ, ಅಕ್ಷರ ಓದುವಂತಿದೆ. ಆದರೆ ಸೋಮವಾರದ ಪಿಟೀಲಿನ ಬಾಲ ಸೊನ್ನೆಯಿಂದಲೂ ಕೆಳಕ್ಕೆ ಇಳಿದಿದೆಯಲ್ಲ, ಅದನ್ನು ಯಾರಾದರೂ ನೋಡಿದರಾ? ಆ ಬಾಲವನ್ನು ನಂಬುವುದಾದರೆ ಕೆಲವು ರೋಗಿಗಳು ಆಸ್ಪತ್ರೆಗೆ ಬರುವ ಮುಂಚೆಯೇ ಡಾಕ್ಟರಿಗೆ ಕಣ್ಣು ತೋರಿಸಿಕೊಂಡು ಹೋಗಿದ್ದಾರೆ! ಮೀಟಿಂಗಿನಲ್ಲಿ ಎಲ್ಲರೂ ಮೆಚ್ಚಿಕೊಂಡರು ಅಂತ ಬರೆದಿದ್ದೀಯ. ಮೆಚ್ಚಿಕೊಳ್ಳಲಿ. ಮೆಚ್ಚಿದವರು ಬಾಲದ ತನಕ ಕಣ್ಣು ಹಾಯಿಸಲಿಲ್ಲ, ಅಷ್ಟೆ.

ಬಾಲದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಪ್ರಶ್ನೆ: "ಬಾಕ್ಸ್ ಪ್ಲಾಟ್ ಇದ್ದೇ ಇದೆ, ಮತ್ತೆ ಇದು ಯಾಕೆ ದೊಡ್ಡಮ್ಮ, ಚೆಂದಕ್ಕಾ?" ಚೆಂದಕ್ಕೆ ಅಂತ ಹಾಕುವವರೂ ಬೇಕಾದಷ್ಟು ಜನ ಇದ್ದಾರೆ. ಆದರೆ ಇದು ಹುಟ್ಟಿದ್ದು ಚೆಂದಕ್ಕಲ್ಲ. ಫೋನಿನಲ್ಲಿ ಹೇಳಿದರೆ ನೀನು ಇನ್ನೇನೋ ನೋಡುತ್ತ ಹ್ಞೂಂಗುಟ್ಟುತ್ತೀಯ, ನನಗೆ ಗೊತ್ತು. ಅದಕ್ಕೇ ಈ ಕಾಗದ. ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಓದು, ಹೇಳಿದ್ದನ್ನು ಅಲ್ಲಲ್ಲೇ ಮಾಡಿ ನೋಡು.

ನಿನ್ನ ರೋಗಿಗಳು ಸ್ವಲ್ಪ ಹೊತ್ತು ಕಾಯಲಿ, ಅವರಿಗೆ ಅದು ರೂಢಿಯಾಗಿದೆ. ನಾವು ಅಮೆರಿಕದ ವಯೋಮಿಂಗ್ ರಾಜ್ಯಕ್ಕೆ ಹೋಗಿಬರೋಣ. ಅಲ್ಲಿನ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಚಿಲುಮೆ ಇದೆ. 1870ರಲ್ಲಿ ಆ ಕಡೆ ಹೋದ ಅನ್ವೇಷಕರ ತಂಡವೊಂದು, ಹೊತ್ತು ತಪ್ಪದೆ ಚಿಮ್ಮುತ್ತದೆ ಎಂದು ಅದಕ್ಕೆ ಆ ಹೆಸರಿಟ್ಟಿತು. ಒಂದು ಸಲ ಚಿಮ್ಮಿದರೆ ಎಷ್ಟು ನಿಮಿಷ ಚಿಮ್ಮಿತು, ಮುಂದಿನ ಸಲಕ್ಕೆ ಎಷ್ಟು ನಿಮಿಷ ಕಾಯಬೇಕಾಯಿತು ಎಂದು ಬರೆದಿಟ್ಟ 272 ದಾಖಲೆಗಳ ಪಟ್ಟಿಯೊಂದು ಸಂಖ್ಯಾಶಾಸ್ತ್ರ ಕಲಿಯುವವರ ಕೈಯಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ನೀನು ಚಿತ್ರ ಬಿಡಿಸಲು ಬಳಸುವ ಪೈಥಾನ್ ಲೈಬ್ರರಿಯಾದ ಸೀಬಾರ್ನ್‌ನಲ್ಲೂ ಅದು ಸಿಗುತ್ತದೆ. ಲೋಡ್ ಡೇಟಾಸೆಟ್ ಎಂಬ ಫಂಕ್ಷನ್ನಿಗೆ 'ಗೀಸರ್' ಎಂದು ಹೇಳು, ಇಂಟರ್‌ನೆಟ್ಟಿನಿಂದ ಇಳಿಸಿಕೊಟ್ಟುಬಿಡುತ್ತದೆ. ಮೊದಲ ಸಲಕ್ಕೆ ಮಾತ್ರ ಸಂಪರ್ಕ ಬೇಕು, ಆಮೇಲೆ ನಿನ್ನ ಯಂತ್ರದಲ್ಲೇ ಇಟ್ಟುಕೊಳ್ಳುತ್ತದೆ.

ಈಗ 'ಡ್ಯುರೇಶನ್' ಎಂಬ ಕಾಲಮ್ಮಿನ ಸರಾಸರಿ ತೆಗೆ. 3.49 ನಿಮಿಷ ಬರುತ್ತದೆ. ಇಷ್ಟು ಕೇಳಿದವರು, ಚಿಲುಮೆ ಸಾಮಾನ್ಯವಾಗಿ ಮೂರೂವರೆ ನಿಮಿಷ ಚಿಮ್ಮುತ್ತದೆ ಎಂದು ತಿಳಿದುಕೊಂಡು ಹೋಗುತ್ತಾರೆ. ಸರಿ, ಎರಡೂವರೆ ನಿಮಿಷಕ್ಕೂ ಮೂರೂವರೆ ನಿಮಿಷಕ್ಕೂ ನಡುವೆ ಮುಗಿದವು ಎಷ್ಟು ಎಂದು ಎಣಿಸು. 272ರಲ್ಲಿ 12. ಸರಾಸರಿ ಬಂದು ನಿಂತಿರುವುದು ಹೆಚ್ಚುಕಡಿಮೆ ಖಾಲಿ ಬಯಲಿನ ಅಂಚಿನಲ್ಲಿ.

ಬಾಕ್ಸ್ ಪ್ಲಾಟ್ ಹಾಕಿದರೆ ಗುಟ್ಟು ಹೊರಬೀಳುತ್ತದಾ? ಹಾಕಿ ನೋಡು. ಮೊದಲ ಚತುರ್ಥಕ 2.16, ಮಧ್ಯಾಂಕ 4, ಮೂರನೆಯ ಚತುರ್ಥಕ 4.45. ಪೆಟ್ಟಿಗೆ 2.16ರಿಂದ 4.45ರವರೆಗೆ ತುಂಬಿಕೊಂಡು ಕೂರುತ್ತದೆ. ಚಿತ್ರದಲ್ಲಿ ಎಲ್ಲಕ್ಕಿಂತ ದಪ್ಪಗೆ, ಭರ್ತಿಯಾಗಿ ಕಾಣುವ ಭಾಗ ಆ ಪೆಟ್ಟಿಗೆ, ಮತ್ತು ದತ್ತಾಂಶ ಎಲ್ಲಕ್ಕಿಂತ ವಿರಳವಾಗಿರುವ ಜಾಗ ಅದರ ಹೊಟ್ಟೆಯೊಳಗೇ ಇದೆ! ಪೆಟ್ಟಿಗೆಯದೇನೂ ತಪ್ಪಿಲ್ಲ. ಜಾನ್ ಟ್ಯೂಕಿ 1977ರ ತಮ್ಮ ಪುಸ್ತಕದಲ್ಲಿ ಅದನ್ನು ಎಲ್ಲರಿಗೂ ಪರಿಚಯಿಸಿದಾಗ ಪೆನ್ಸಿಲ್ಲು ಕಾಗದ ಹಿಡಿದು ಕೈಯಲ್ಲಿ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಐದು ಸಂಖ್ಯೆ, ನಾಲ್ಕಾರು ಗೆರೆ, ಕೆಲಸ ಮುಗಿಯಿತು. ಐದು ಸಂಖ್ಯೆ ಕೊಟ್ಟು ಊರಿನ ಕಥೆಯನ್ನೆಲ್ಲ ಹೇಳು ಎಂದರೆ ಅದು ಎಲ್ಲಿಂದ ಹೇಳೀತು?

ಈಗ ಪಿಟೀಲು. ಮೂರು ಸಾಲು ಸಾಕು: ಸೀಬಾರ್ನ್ ಕರೆಸಿಕೊಳ್ಳುವುದು, ಗೀಸರ್ ಪಟ್ಟಿ ತೆರೆಯುವುದು, ವಯಲಿನ್‌ಪ್ಲಾಟ್ ಫಂಕ್ಷನ್ನಿಗೆ ಡೇಟಾ ಕೊಟ್ಟು 'ವೈ' ಜಾಗದಲ್ಲಿ ಡ್ಯುರೇಶನ್ ಎನ್ನುವುದು. ಕೋಡನ್ನು ಅಕ್ಷರಕ್ಕಕ್ಷರ ಬರೆದುಕೊಡುವುದಿಲ್ಲ, ಅಷ್ಟು ನಿನಗೆ ಬರುತ್ತದೆ. ತೆರೆಯ ಮೇಲೆ ಮೂಡಿದ್ದನ್ನು ನೋಡು. ಕೆಳಗೆ ಎರಡು ನಿಮಿಷದ ಹತ್ತಿರ ಒಂದು ಉಬ್ಬು, ಮೇಲೆ ನಾಲ್ಕೂವರೆಯ ಹತ್ತಿರ ಇನ್ನೂ ದೊಡ್ಡ ಉಬ್ಬು, ನಡುವೆ ಸಣ್ಣಗಾದ ಸೊಂಟ. ಈ ಚಿಲುಮೆ ಚಿಮ್ಮುವುದು ಎರಡು ಬಗೆಯಲ್ಲಿ, ಗಿಡ್ಡದು ಮತ್ತು ಉದ್ದದ್ದು. ಗಿಡ್ಡದು ಮುಗಿದಾಗ ನೆಲದೊಳಗಿನ ಕೊಳವೆಗಳಲ್ಲಿ ಬಿಸಿನೀರು ಇನ್ನೂ ಉಳಿದಿರುತ್ತದೆ. ಅದಕ್ಕೇ ಬೇಗ ತುಂಬಿ, ಬೇಗ ಕಾದು, ಆ ಪಟ್ಟಿಯ ಲೆಕ್ಕದಲ್ಲಿ ಸುಮಾರು 55 ನಿಮಿಷಕ್ಕೆ ಮತ್ತೆ ಚಿಮ್ಮುತ್ತದೆ. ಉದ್ದದ್ದಾದ ಮೇಲೆ ಕೊಳವೆ ಬರಿದಾಗಿರುತ್ತದೆ, ಸುಮಾರು 80 ನಿಮಿಷ ಕಾಯಬೇಕು. ಉದ್ಯಾನದ ಸಿಬ್ಬಂದಿ ಮುಂದಿನ ಚಿಮ್ಮು ಯಾವಾಗ ಎಂದು ಹೇಳುವುದು ಹಿಂದಿನದು ಎಷ್ಟು ಹೊತ್ತು ನಡೆಯಿತು ಎಂಬುದನ್ನು ನೋಡಿಕೊಂಡೇ. ಸರಾಸರಿ ಹಿಡಿದುಕೊಂಡು ಹೇಳಲು ಹೊರಟಿದ್ದರೆ ಎರಡು ಬಗೆಯವಕ್ಕೂ ತಪ್ಪುತ್ತಿತ್ತು.

ಈ ಪಿಟೀಲು ಚಿತ್ರವನ್ನು ಮೊದಲು ಮಂಡಿಸಿದವರು ಜೆರ್ರಿ ಹಿಂಟ್ಸೆ ಮತ್ತು ರೇ ನೆಲ್ಸನ್. 1998ರಲ್ಲಿ 'ದಿ ಅಮೆರಿಕನ್ ಸ್ಟ್ಯಾಟಿಸ್ಟಿಶಿಯನ್' ಪತ್ರಿಕೆಯಲ್ಲಿ ನಾಲ್ಕೇ ಪುಟದ ಲೇಖನ ಬರೆದರು. ಬಾಕ್ಸ್ ಪ್ಲಾಟನ್ನು ಎಸೆಯಲಿಲ್ಲ. ಅದನ್ನು ನಡುವೆ ಇಟ್ಟು, ದತ್ತಾಂಶ ಎಲ್ಲೆಲ್ಲಿ ಎಷ್ಟು ದಟ್ಟವಾಗಿದೆ ಎಂಬುದರ ರೇಖೆಯನ್ನು ಎರಡು ಪಕ್ಕಕ್ಕೂ ಎಳೆದರು. ಎಡಗಡೆಯದು ಬಲಗಡೆಯದರ ಪಡಿಯಚ್ಚು, ಹೊಸದಾಗಿ ಏನನ್ನೂ ಹೇಳುವುದಿಲ್ಲ ಎಂಬುದನ್ನು ಗಮನಿಸು, ಮುಂದೆ ಉಪಯೋಗಕ್ಕೆ ಬರುತ್ತದೆ. ಹೆಸರಿಗೇನೋ ಪಿಟೀಲು. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನವನ್ನು ಹೊರಗಿನಿಂದ ನೋಡಿದ್ದೀಯಲ್ಲ, ಆ ಕಟ್ಟಡಕ್ಕೆ ತಂತಿ, ಬಿರಡೆ, ಕಮಾನು ಎಲ್ಲ ಮಾಡಿದ್ದಾರೆ. ನಮ್ಮ ಚಿತ್ರಕ್ಕಿರುವುದು ಬರೀ ಹೊಟ್ಟೆ.

ಆ ಹೊಟ್ಟೆ ಎಲ್ಲಿಂದ ಬಂತು ಎಂಬುದನ್ನು ನೀನು ಕೇಳಲಿಲ್ಲ. ಕೇಳಬೇಕಿತ್ತು. ಬಾಕ್ಸ್ ಪ್ಲಾಟಿನ ಗೆರೆಗಳು ದತ್ತಾಂಶವನ್ನು ಸಾಲಾಗಿ ನಿಲ್ಲಿಸಿ ಎಣಿಸಿ ತೆಗೆದವು. ಪಿಟೀಲಿನ ನಯವಾದ ಅಂಚು ಹಾಗೆ ಎಣಿಸಿ ಬಂದದ್ದಲ್ಲ, ಅದು ಊಹೆ. ಒಳ್ಳೆಯ ಊಹೆಯೇ, ಲೆಕ್ಕ ಹಾಕಿದ ಊಹೆಯೇ, ಆದರೂ ಊಹೆ. ಒಂದು ಉದ್ದನೆಯ ಗೆರೆ ಎಳೆದು, ಒಂದೊಂದು ದಾಖಲೆ ಬಿದ್ದ ಜಾಗದಲ್ಲೂ ಒಂದೊಂದು ಹಿಡಿ ರಾಗಿ ಹಿಟ್ಟು ಸುರಿದೆ ಎಂದಿಟ್ಟುಕೋ. ಒಂದೊಂದೂ ಸಣ್ಣ ಗುಪ್ಪೆಯಾಗುತ್ತದೆ. ದಾಖಲೆಗಳು ಒತ್ತೊತ್ತಾಗಿರುವ ಕಡೆ ಗುಪ್ಪೆಯ ಮೇಲೆ ಗುಪ್ಪೆ ಸೇರಿ ಎತ್ತರದ ರಾಶಿ, ವಿರಳವಾಗಿರುವ ಕಡೆ ತೆಳ್ಳಗೆ. ಒಟ್ಟು ರಾಶಿಯ ಮೇಲ್ಮೈಯನ್ನು ಪಕ್ಕದಿಂದ ನೋಡಿದರೆ ಕಾಣುವ ಗೆರೆಯೇ ಪಿಟೀಲಿನ ಅಂಚು. ಕರ್ನಲ್ ಡೆನ್ಸಿಟಿ ಎಸ್ಟಿಮೇಶನ್ ಎನ್ನುತ್ತಾರೆ. ಮರ್ರೆ ರೋಸೆನ್‌ಬ್ಲಾಟ್ 1956ರಲ್ಲಿ, ಇಮ್ಯಾನ್ಯುಯೆಲ್ ಪಾರ್ಜೆನ್ 1962ರಲ್ಲಿ ಇದರ ಬುನಾದಿ ಹಾಕಿದರು. ಪಿಟೀಲಿಗಿಂತ ಬಹಳ ಹಳೆಯದು.

ಒಂದೊಂದು ಹಿಡಿಯನ್ನು ಎಷ್ಟಗಲಕ್ಕೆ ಹರಡಬೇಕು? ಎಲ್ಲ ನಿಂತಿರುವುದು ಈ ಪ್ರಶ್ನೆಯ ಮೇಲೆ. ಈ ಅಗಲಕ್ಕೆ ಬ್ಯಾಂಡ್‌ವಿಡ್ತ್ ಎಂದು ಹೆಸರು. ಸೀಬಾರ್ನ್ ನಿನ್ನನ್ನು ಕೇಳದೆ 'ಸ್ಕಾಟ್' ಸೂತ್ರ ಬಳಸುತ್ತದೆ: ದಾಖಲೆಗಳ ಸಂಖ್ಯೆಯ ಐದನೆಯ ಮೂಲ ತೆಗೆದು, ಮಾನಕ ವಿಚಲನೆಯನ್ನು ಅದರಿಂದ ಭಾಗಿಸು. ಚಿಲುಮೆಯ ಲೆಕ್ಕದಲ್ಲಿ ಮಾನಕ ವಿಚಲನೆ 1.14 ನಿಮಿಷ, 272ರ ಐದನೆಯ ಮೂಲ ಸುಮಾರು 3.07. ಅಲ್ಲಿಗೆ ಬ್ಯಾಂಡ್‌ವಿಡ್ತ್ 0.37 ನಿಮಿಷ, ಸುಮಾರು 22 ಸೆಕೆಂಡು. ಕೈಯಲ್ಲೇ ಹಾಕಿ ನೋಡು, ಒಂದು ಸಲ ಹಾಕಿದರೆ ಸಾಕು, ಆಮೇಲೆ ಆ ನಯವಾದ ಅಂಚನ್ನು ನೀನು ಮೊದಲಿನಂತೆ ನಂಬುವುದಿಲ್ಲ.

ಈ ಅಗಲವನ್ನು ಹಿಗ್ಗಿಸುವ ಕುಗ್ಗಿಸುವ ತಿರುಪು ನಿನ್ನ ಕೈಯಲ್ಲಿದೆ. ಬಿಡಬ್ಲ್ಯೂ ಅಡ್ಜಸ್ಟ್ ಎಂದು, ನಡುವೆ ಒಂದು ಅಂಡರ್‌ಸ್ಕೋರ್. ತಾನಾಗಿ 1 ಇರುತ್ತದೆ. ಅದನ್ನು 3 ಮಾಡು. ಎರಡು ಉಬ್ಬೂ ಕರಗಿ ಒಂದೇ ಹೊಟ್ಟೆಯಾಗುತ್ತದೆ, ಸೊಂಟ ಮಾಯ. ದತ್ತಾಂಶ ಅದೇ 272, ಒಂದೂ ಹೆಚ್ಚಿಲ್ಲ ಕಡಿಮೆಯಿಲ್ಲ, ಚಿಲುಮೆ ಮಾತ್ರ ಒಂದೇ ಬಗೆಯದಾಗಿಬಿಟ್ಟಿತು! ಈಗ 0.2 ಮಾಡು. ಅಂಚೆಲ್ಲ ಏರುಪೇರು, ಎಲ್ಲೆಂದರಲ್ಲಿ ಮೊನಚು. ಇನ್ನೂ ಕುಗ್ಗಿಸುತ್ತ ಹೋದರೆ ಒಂದು ತಮಾಷೆ ಇದೆ. ಈ ಪಟ್ಟಿಯ ಅವಧಿಗಳನ್ನು ಸೆಕೆಂಡಿಗೆ ತಿರುಗಿಸಿ ನೋಡಿದವರು, ಐದರ ಗುಣಕಗಳು ಇರಬೇಕಾದ್ದಕ್ಕಿಂತ ಹೆಚ್ಚಾಗಿವೆ ಎಂಬುದನ್ನು ಕಂಡಿದ್ದಾರೆ. ಅಳೆದವರು ಮನುಷ್ಯರು, ಐದರ ಹತ್ತಿರ ಬಂದದ್ದನ್ನು ಐದಕ್ಕೇ ಸರಿಮಾಡಿದ್ದಾರೆ. ಅಂದರೆ ತಿರುಪನ್ನು ಅತಿ ಬಿಗಿ ಮಾಡಿದರೆ ನೀನು ನೋಡುತ್ತಿರುವುದು ಚಿಲುಮೆಯನ್ನಲ್ಲ, ಅಳೆದವರ ಅಭ್ಯಾಸವನ್ನು. ಅತಿ ಸಡಿಲ ಮಾಡಿದರೆ ಏನೂ ಕಾಣುವುದಿಲ್ಲ. ನಾನು ಮಾಡುವುದು ಇಷ್ಟು: ಅರ್ಧಕ್ಕೆ ಇಳಿಸಿ ನೋಡುತ್ತೇನೆ, ಒಂದೂವರೆಗೆ ಏರಿಸಿ ನೋಡುತ್ತೇನೆ. ಎರಡರಲ್ಲೂ ಉಬ್ಬು ಉಳಿದರೆ ಅದರ ಬಗ್ಗೆ ಮಾತಾಡುತ್ತೇನೆ. ಒಂದರಲ್ಲಿ ಮಾತ್ರ ಇದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಮೀಟಿಂಗಿಗೆ ತೆಗೆದುಕೊಂಡು ಹೋಗಬೇಡ.

ಇನ್ನು ನಿನ್ನ ಸೋಮವಾರದ ಬಾಲ. ಸೀಬಾರ್ನ್‌ನಲ್ಲಿ 'ಕಟ್' ಎಂಬ ಆಯ್ಕೆ ಇದೆ, ತಾನಾಗಿ 2. ಕೊನೆಯ ದಾಖಲೆಯನ್ನು ದಾಟಿ ಇನ್ನೂ ಎರಡು ಬ್ಯಾಂಡ್‌ವಿಡ್ತ್ ದೂರದವರೆಗೆ ರೇಖೆಯನ್ನು ಎಳೆ ಎಂದು ಅದರ ಅರ್ಥ. ಚಿಲುಮೆಯ ಅತಿ ಗಿಡ್ಡ ಚಿಮ್ಮು 1.6 ನಿಮಿಷ, ಅಂದರೆ 96 ಸೆಕೆಂಡು. ಪಿಟೀಲು ಅಲ್ಲಿ ನಿಲ್ಲದೆ ಸುಮಾರು 51 ಸೆಕೆಂಡಿನವರೆಗೆ ಇಳಿಯುತ್ತದೆ. ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಚಿಮ್ಮಿದ್ದು ಆ ಪಟ್ಟಿಯಲ್ಲಿ ಒಂದೂ ಇಲ್ಲ. ಚಿಲುಮೆಯ ಮಟ್ಟಿಗೆ ಇದು ಅಷ್ಟೇನೂ ಅಪಚಾರವಲ್ಲ, ಮುಂದೊಂದು ದಿನ ಚಿಮ್ಮಲೂಬಹುದು. ಕಾಯುವ ಹೊತ್ತಿಗೆ, ಸಂಬಳಕ್ಕೆ, ಮಳೆಗೆ, ವಯಸ್ಸಿಗೆ ಇದು ಒಪ್ಪುವುದಿಲ್ಲ, ಅವಕ್ಕೆ ಸೊನ್ನೆಯಿಂದ ಕೆಳಗೆ ಬಾಳಿಲ್ಲ. ಕಟ್ ಅನ್ನು 0 ಮಾಡು, ಬಾಲ ಹೋಗುತ್ತದೆ. ಸೀಬಾರ್ನ್‌ಗೆ ತಳಹದಿಯಾದ ಮ್ಯಾಟ್‌ಪ್ಲಾಟ್‌ಲಿಬ್‌ನ ಸ್ವಂತ ವಯಲಿನ್‌ಪ್ಲಾಟ್ ಮೊದಲಿನಿಂದಲೂ ಅತಿ ಕಡಿಮೆಯದರಿಂದ ಅತಿ ಹೆಚ್ಚಿನದರವರೆಗೆ ಮಾತ್ರ ಎಳೆಯುತ್ತದೆ, ಅಲ್ಲಿ ಈ ತಾಪತ್ರಯವಿಲ್ಲ. ಒಂದೇ ದತ್ತಾಂಶಕ್ಕೆ ಎರಡು ಕಡೆ ಎರಡು ಆಕಾರ ಬಂದಿತೆಂದು ನೀನು ಹೋದ ತಿಂಗಳು ಗೊಣಗಿದ್ದೆಯಲ್ಲ, ಅದಕ್ಕೆ ಇದೇ ಕಾರಣವಿರಬೇಕು.

ಆದರೆ ಬಾಲ ಕತ್ತರಿಸಿದ ಮಾತ್ರಕ್ಕೆ ಪೂರ್ತಿ ಸರಿಯಾಯಿತು ಎಂದುಕೊಳ್ಳಬೇಡ. ಐದು ನಿಮಿಷವೂ ಕಾಯದವರು ನಿನ್ನ ಪಟ್ಟಿಯಲ್ಲಿ ಬಹಳ ಜನ ಇದ್ದರೆ, ಅವರ ಹಿಟ್ಟಿನಲ್ಲಿ ಅರ್ಧದವರೆಗೂ ಸೊನ್ನೆಯ ಆಚೆ ಚೆಲ್ಲಿರುತ್ತದೆ. ಚೆಲ್ಲಿದ್ದನ್ನು ಗುಡಿಸಿಹಾಕಿದೆ, ಈಚೆಗೆ ತಂದು ಸೇರಿಸಲಿಲ್ಲ. ಹಾಗಾಗಿ ಸೊನ್ನೆಯ ಹತ್ತಿರ ಪಿಟೀಲು ನಿಜಕ್ಕಿಂತ ಸಪೂರವಾಗಿ ಕಾಣುತ್ತದೆ. ಎಲ್ಲ ಸಂಖ್ಯೆಗಳೂ ಸೊನ್ನೆಗಿಂತ ಹೆಚ್ಚಿದ್ದರೆ ಲಾಗ್ ಸ್ಕೇಲ್ ಹಾಕಿ ನೋಡು, 2023ರಲ್ಲಿ ಬಂದ ಸೀಬಾರ್ನ್ 0.13ರಿಂದ ಈಚೆಗೆ ಆ ಆಯ್ಕೆ ಪಿಟೀಲಿಗೂ ಇದೆ. ಸೊನ್ನೆಗಳೇ ರಾಶಿಯಾಗಿದ್ದರೆ, ದಿನದಿನದ ಮಳೆಯ ಲೆಕ್ಕದಲ್ಲಿರುವಂತೆ, ಪಿಟೀಲನ್ನು ಬಿಟ್ಟು ಹಿಸ್ಟೋಗ್ರಾಮಿಗೆ ಹೋಗುವುದು ಮರ್ಯಾದೆ.

ಅಂದಹಾಗೆ ಆ 0.13 ಬಂದಾಗ ಕೆಲವು ಆಯ್ಕೆಗಳ ಹೆಸರು ಬದಲಾದವು. ಹಳೆಯ ಪಾಠಗಳಲ್ಲಿ 'ಸ್ಕೇಲ್' ಎಂದಿರುವುದು ಈಗ ಡೆನ್ಸಿಟಿ ನಾರ್ಮ್. 'ಬಿಡಬ್ಲ್ಯೂ' ಇದ್ದದ್ದು ಬಿಡಬ್ಲ್ಯೂ ಮೆಥಡ್, ಬಿಡಬ್ಲ್ಯೂ ಅಡ್ಜಸ್ಟ್ ಎಂದು ಎರಡಾಗಿದೆ. ಎಲ್ಲಿಂದಲೋ ಎತ್ತಿ ಅಂಟಿಸಿದ ಕೋಡು ಕೆಂಪಕ್ಷರದಲ್ಲಿ ಬೈದರೆ ಮೊದಲು ಇದನ್ನು ನೋಡು.

ಈ ಡೆನ್ಸಿಟಿ ನಾರ್ಮ್ ಸಣ್ಣ ವಿಷಯವಲ್ಲ ಕಣೇ. ಅದಕ್ಕೆ ಪೆಂಗ್ವಿನ್‌ಗಳನ್ನು ಕರೆಸೋಣ, ಆ ಪಟ್ಟಿಯೂ ಸೀಬಾರ್ನ್‌ನಲ್ಲೇ ಇದೆ. ಅಂಟಾರ್ಕ್ಟಿಕಾದ ಪಾಮರ್ ಕೇಂದ್ರದ ಬಳಿಯ ಮೂರು ದ್ವೀಪಗಳಲ್ಲಿ 2007ರಿಂದ 2009ರವರೆಗೆ ಕ್ರಿಸ್ಟನ್ ಗೋರ್ಮನ್ ಮತ್ತು ಸಂಗಡಿಗರು ಅಳೆದು ತೂಗಿದ 344 ಪೆಂಗ್ವಿನ್‌ಗಳು: ಅಡೇಲಿ 152, ಜೆಂಟೂ 124, ಚಿನ್‌ಸ್ಟ್ರ್ಯಾಪ್ 68. 'ಎಕ್ಸ್' ಜಾಗಕ್ಕೆ ಸ್ಪೀಶೀಸ್, 'ವೈ' ಜಾಗಕ್ಕೆ ತೂಕದ ಕಾಲಮ್ ಕೊಟ್ಟು ಪಿಟೀಲು ಹಾಕು. ಮೂರೂ ಸಮನಾಗಿ ತುಂಬಿಕೊಂಡು ಕಾಣುತ್ತವೆ, ಯಾಕೆಂದರೆ ತಾನಾಗಿ ಇರುವ 'ಏರಿಯಾ' ಆಯ್ಕೆ ಮೂರಕ್ಕೂ ಒಂದೇ ವಿಸ್ತೀರ್ಣ ಕೊಡುತ್ತದೆ. 68 ಹಕ್ಕಿಗಳ ಪಿಟೀಲಿಗೂ 152 ಹಕ್ಕಿಗಳ ಪಿಟೀಲಿಗೂ ಒಂದೇ ಮೈಕಟ್ಟು. 'ಕೌಂಟ್' ಎಂದರೆ ಹಕ್ಕಿಗಳ ಸಂಖ್ಯೆಗೆ ತಕ್ಕಂತೆ ಅಗಲ. 'ವಿಡ್ತ್' ಎಂದರೆ ಎಲ್ಲಕ್ಕೂ ಒಂದೇ ಗರಿಷ್ಠ ಅಗಲ, ಆಕಾರ ಮಾತ್ರ ಹೋಲಿಸಬೇಕಾದಾಗ ಅನುಕೂಲ. ಯಾವುದನ್ನಾದರೂ ಆರಿಸಿಕೋ, ಆದರೆ ಪ್ರತಿ ಪಿಟೀಲಿನ ಕೆಳಗೆ ಎಷ್ಟು ದಾಖಲೆ ಎಂಬ ಅಂಕಿ ಬರೆ. ನಿನ್ನ ಚಿತ್ರದಲ್ಲಿ ಶನಿವಾರ ಅರ್ಧ ದಿನ, ರೋಗಿಗಳೂ ಕಡಿಮೆ ಇರಬೇಕು. ಆದರೂ ಅದರ ಪಿಟೀಲು ಸೋಮವಾರದ ಸಮಕ್ಕೆ ಎದೆಯುಬ್ಬಿಸಿ ನಿಂತಿದೆ.

ಜೆಂಟೂ ಪಿಟೀಲನ್ನು ಇನ್ನೊಂದು ಸಲ ನೋಡು. ಒಂದು ಚೂಪಾದ ಉಬ್ಬಿನ ಬದಲು ನಡುವೆ ಚಪ್ಪಟೆಯಾಗಿ ಹರಡಿಕೊಂಡಿದೆ. ಅವುಗಳ ಸರಾಸರಿ ತೂಕ ಸುಮಾರು 5076 ಗ್ರಾಂ. ಈಗ 'ಹ್ಯೂ' ಜಾಗಕ್ಕೆ ಸೆಕ್ಸ್ ಎಂಬ ಕಾಲಮ್ ಕೊಡು, ಸ್ಪ್ಲಿಟ್ ಎಂಬುದಕ್ಕೆ ಟ್ರೂ ಎನ್ನು. ಎಡಗಡೆಯದು ಬಲಗಡೆಯದರ ಪಡಿಯಚ್ಚು ಎಂದಿದ್ದೆನಲ್ಲ, ಆ ದಂಡವಾಗಿ ಬಿದ್ದಿದ್ದ ಅರ್ಧಕ್ಕೆ ಈಗ ಕೆಲಸ ಸಿಕ್ಕಿತು. ಒಂದು ಪಕ್ಕಕ್ಕೆ ಹೆಣ್ಣು, ಇನ್ನೊಂದು ಪಕ್ಕಕ್ಕೆ ಗಂಡು. ಹೆಣ್ಣು ಜೆಂಟೂಗಳ ಸರಾಸರಿ ಸುಮಾರು 4680 ಗ್ರಾಂ, ಗಂಡಿನದು ಸುಮಾರು 5485. ಮೊದಲಿನ 5076 ಇವೆರಡರ ನಡುವೆ, ಅತ್ತ ಹೆಣ್ಣಿನದೂ ಅಲ್ಲ ಇತ್ತ ಗಂಡಿನದೂ ಅಲ್ಲ ಎಂಬಂಥ ಜಾಗದಲ್ಲಿತ್ತು.

ನಿನಗೆ ಹೇಳಬೇಕೆಂದು ಹೊರಟದ್ದು ಇದನ್ನೇ. ಪಿಟೀಲಿನ ಸೊಂಟ ಕಂಡರೆ, ಅಥವಾ ಹೊಟ್ಟೆ ಅನುಮಾನ ಬರುವಷ್ಟು ಚಪ್ಪಟೆಯಾಗಿದ್ದರೆ, ಒಳಗೆ ಎರಡು ಬಗೆಯವರು ಬೆರೆತಿರಬಹುದು. ಅವರನ್ನು ಬೇರ್ಪಡಿಸುವ ಕಾಲಮ್ ಯಾವುದು ಎಂದು ಹುಡುಕಲು ಹೊರಡು. ನಿನ್ನ ಸೋಮವಾರದ ಪಿಟೀಲಿಗೂ ಎರಡು ಉಬ್ಬಿವೆ, ನೀನು ಆ ಬಗ್ಗೆ ಒಂದು ಮಾತೂ ಬರೆದಿಲ್ಲ. ಕಣ್ಣಾಸ್ಪತ್ರೆಯಲ್ಲಿ ಕೆಲವರಿಗೆ ಪಾಪೆ ಅಗಲವಾಗಲೆಂದು ಡ್ರಾಪ್ಸ್ ಹಾಕಿ ಕಣ್ಣುಮುಚ್ಚಿಸಿ ಕೂರಿಸುತ್ತಾರೆ. ಅದು ಹಿಡಿಯಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅವರು ಕಾಯುವುದು ಡಾಕ್ಟರಿಗಾಗಿ ಅಲ್ಲ, ಔಷಧಿಗಾಗಿ. ಡ್ರಾಪ್ಸ್ ಹಾಕಿಸಿಕೊಂಡವರು, ಹಾಕಿಸಿಕೊಳ್ಳದವರು ಎಂಬ ಗುರುತು ನಿಮ್ಮ ರಿಜಿಸ್ಟರಿನಲ್ಲಿ ಇದ್ದೇ ಇರುತ್ತದೆ. ಅದನ್ನು ಹ್ಯೂ ಜಾಗಕ್ಕೆ ಹಾಕಿ ಸೀಳಿ ನೋಡು. ಎರಡು ಉಬ್ಬೂ ಬೇರೆಬೇರೆ ಪಕ್ಕಕ್ಕೆ ಹೋದರೆ, ನಿಮ್ಮ ಮೇಲಿನವರು ಚಿಂತಿಸುತ್ತಿರುವ 'ಸೋಮವಾರದ ವಿಳಂಬ'ದಲ್ಲಿ ಒಂದು ಭಾಗ ವಿಳಂಬವೇ ಅಲ್ಲ. ಹೋಗದಿದ್ದರೆ ಬೇರೆ ಕಾರಣ ಹುಡುಕು: ಹಳೆಯ ರೋಗಿ, ಹೊಸ ರೋಗಿ, ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ.

ಪಿಟೀಲಿನ ಒಳಗೆ ಏನಿಡಬೇಕು ಎಂಬುದಕ್ಕೂ ಆಯ್ಕೆ ಇದೆ, 'ಇನ್ನರ್' ಎಂದು. ಸುಮ್ಮನೆ ಬಿಟ್ಟರೆ ಪುಟ್ಟ ಬಾಕ್ಸ್ ಪ್ಲಾಟ್ ಕೂರುತ್ತದೆ. 'ಕ್ವಾರ್ಟ್' ಎಂದರೆ ಮೂರು ಚತುರ್ಥಕಗಳ ಅಡ್ಡಗೆರೆ, ಸೀಳಿದ ಪಿಟೀಲಿಗೆ ಇದೇ ಒಪ್ಪುವುದು. ನನಗೆ ಇಷ್ಟವಾದದ್ದು 'ಸ್ಟಿಕ್': ಒಂದೊಂದು ದಾಖಲೆಗೂ ಒಂದೊಂದು ಸಣ್ಣ ಗೆರೆ ಎಳೆಯುತ್ತದೆ. ಊಹೆ ಹೊರಗೆ, ಸಾಕ್ಷಿ ಒಳಗೆ, ಓದುವವರು ಎರಡನ್ನೂ ತಾಳೆ ನೋಡಬಹುದು. ದಾಖಲೆ ಸಾವಿರಗಟ್ಟಲೆ ಇದ್ದರೆ ಗೆರೆಗಳು ಕೂಡಿಕೊಂಡು ಬರೀ ಮಸಿಯಾಗುತ್ತದೆ, ಆಗ ಬೇಡ.

ಸಾವಿರಗಟ್ಟಲೆ ಇದ್ದರೆ ಎಂದೆ. ಹತ್ತು ಹದಿನೈದೇ ಇದ್ದರೆ? ಆಗ ಪಿಟೀಲೇ ಬೇಡ. ಕಂಪ್ಯೂಟರೇನೋ ಹತ್ತು ದಾಖಲೆಗೂ ಅಷ್ಟೇ ನಯವಾದ, ಅಷ್ಟೇ ಗತ್ತಿನ ಪಿಟೀಲು ಎಳೆದುಕೊಡುತ್ತದೆ, ಅದಕ್ಕೆ ಸಂಕೋಚವಿಲ್ಲ. ಒಂದು ಗುಂಪಿನಲ್ಲಿ ಇಪ್ಪತ್ತು ಮೂವತ್ತಕ್ಕಿಂತ ಕಡಿಮೆ ಇದ್ದರೆ ನಾನು ಸ್ಟ್ರಿಪ್‌ಪ್ಲಾಟ್ ಹಾಕಿ ಚುಕ್ಕಿಗಳನ್ನೇ ತೋರಿಸಿಬಿಡುತ್ತೇನೆ. ಇದು ಶಾಸ್ತ್ರದ ಮಾತಲ್ಲ, ನನ್ನ ಅಭಿಪ್ರಾಯ.

ಬಾಕ್ಸ್ ಪ್ಲಾಟ್ ಎಷ್ಟರಮಟ್ಟಿಗೆ ಮೋಸಹೋಗಬಹುದು ಎಂದು ನಿನ್ನ ಜೊತೆಯವರಿಗೆ ತೋರಿಸಬೇಕಿದ್ದರೆ ಜಸ್ಟಿನ್ ಮಾಟೆಯ್ಕಾ ಮತ್ತು ಜಾರ್ಜ್ ಫಿಟ್ಸ್‌ಮಾರಿಸ್ 2017ರಲ್ಲಿ ಮಂಡಿಸಿದ ಪ್ರಬಂಧ ಹುಡುಕು. ಡೈನೋಸಾರ್ ಆಗಿ ಕಾಣುವ ದತ್ತಾಂಶವೊಂದರಿಂದ ಹೊರಟು, ಸರಾಸರಿ, ಮಾನಕ ವಿಚಲನೆ ಎಲ್ಲ ಒಂದೇ ಇದ್ದೂ ನಕ್ಷತ್ರದಂಥ ಬೇರೆ ಆಕಾರಗಳಾಗಿ ಕಾಣುವ ದತ್ತಾಂಶಗಳನ್ನು ಮಾಡಿದವರು ಇವರೇ. ಅದೇ ಪ್ರಬಂಧದಲ್ಲಿ, ದತ್ತಾಂಶ ಎಷ್ಟು ಜರುಗಿದರೂ ಬಾಕ್ಸ್ ಪ್ಲಾಟ್ ಮಾತ್ರ ಅಲುಗದೆ ಕೂತಿರುವುದನ್ನೂ, ಪಕ್ಕದ ಪಿಟೀಲು ಆಕಾರ ಬದಲಿಸುತ್ತ ಹೋಗುವುದನ್ನೂ ತೋರಿಸಿದ್ದಾರೆ. ನೋಡಲು ಮಜವಾಗಿದೆ, ಹತ್ತು ನಿಮಿಷದ ಕೆಲಸ.

ಮೇಲಿನವರಿಗೆ ತೋರಿಸುವಾಗ ಇನ್ನೊಂದು ಕಷ್ಟ. ಪಿಟೀಲಿನ ಅಗಲಕ್ಕೆ ಅಳತೆಪಟ್ಟಿ ಇರುವುದಿಲ್ಲ. ಉದ್ದಕ್ಕೆ ನಿಮಿಷಗಳ ಅಂಕಿ ಇದೆ, ಅಗಲಕ್ಕೆ ಏನೂ ಇಲ್ಲ. ಮೊದಲ ಸಲ ನೋಡುವವರು ಅಗಲವನ್ನೇ ಕಾಯುವ ಹೊತ್ತು ಎಂದುಕೊಂಡು ಗಲಿಬಿಲಿಯಾಗುತ್ತಾರೆ. "ಎಲ್ಲಿ ಅಗಲವೋ ಅಷ್ಟು ಹೊತ್ತು ಕಾದವರು ಹೆಚ್ಚು" ಎಂದು ಚಿತ್ರದ ಕೆಳಗೆ ಒಂದು ಸಾಲು ಬರೆ. ದಿನಗಳ ಹೆಸರು ಉದ್ದವಾಗಿ ಒಂದರ ಮೇಲೊಂದು ಬೀಳುತ್ತಿದ್ದರೆ 'ಎಕ್ಸ್' 'ವೈ' ಅದಲುಬದಲು ಮಾಡಿ ಪಿಟೀಲುಗಳನ್ನು ಮಲಗಿಸಿಬಿಡು, ಓದಲು ಸುಲಭ.

ಕೊನೆಯದಾಗಿ, ಚಿತ್ರದಲ್ಲಿ ಕನ್ನಡದ ಹೆಸರುಗಳನ್ನು ಹಾಕಲು ಹೋದರೆ ಚೌಕಚೌಕ ಬರುತ್ತದೆ ಎಂದು ಬೇಸರಪಟ್ಟು ಇಂಗ್ಲಿಷಿನಲ್ಲೇ ಬರೆದಿದ್ದೀಯ. ಆಸ್ಪತ್ರೆಯ ಗೋಡೆಗೆ ಅಂಟಿಸುವ ಚಿತ್ರ ಅಂದಮೇಲೆ ಕನ್ನಡದಲ್ಲೇ ಇರಬೇಕು. ಚೌಕ ಬರುವುದಕ್ಕೆ ಕಾರಣ, ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಬಳಸುವ ಡೆಜಾವು ಸ್ಯಾನ್ಸ್ ಫಾಂಟಿನಲ್ಲಿ ಕನ್ನಡದ ಅಕ್ಷರಗಳಿಲ್ಲ. ನೋಟೊ ಸ್ಯಾನ್ಸ್ ಕನ್ನಡ ಹಾಕಿಕೊಂಡು ಅದನ್ನೇ ಬಳಸು ಎಂದು ಹೇಳಿದರೆ ಅಕ್ಷರ ಬರುತ್ತದೆ, ಆದರೆ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ಪೆಚ್ಚಾಗಿ ನಿಲ್ಲುತ್ತದೆ. ನಾನು ನೋಡಿದ ಆವೃತ್ತಿಗಳಲ್ಲಿ ಅಕ್ಷರ ಜೋಡಿಸುವ ವಿದ್ಯೆ ಮ್ಯಾಟ್‌ಪ್ಲಾಟ್‌ಲಿಬ್‌ಗೆ ನೆಟ್ಟಗೆ ಬಂದಿರಲಿಲ್ಲ. ಹೊಸ ಆವೃತ್ತಿ ಬಂದಾಗ ಒಮ್ಮೆ ಪರೀಕ್ಷಿಸಿ ನೋಡು. ಅಲ್ಲಿಯವರೆಗೆ ಒಂದು ಉಪಾಯ: ಚಿತ್ರವನ್ನು ಪಿಎನ್‌ಜಿ ಬದಲು ಎಸ್‌ವಿಜಿ ಆಗಿ ಉಳಿಸು. ಉಳಿಸುವ ಮುಂಚೆ ಆರ್‌ಸಿಪ್ಯಾರಮ್ಸ್‌ನಲ್ಲಿ ಎಸ್‌ವಿಜಿ ಡಾಟ್ ಫಾಂಟ್‌ಟೈಪ್ ಎಂಬುದನ್ನು 'ನನ್' ಮಾಡು. ಆಗ ಅಕ್ಷರಗಳು ಗೆರೆಗಳಾಗಿ ಕರಗದೆ ಅಕ್ಷರಗಳಾಗಿಯೇ ಉಳಿಯುತ್ತವೆ. ಕಡತವನ್ನು ಬ್ರೌಸರಿನಲ್ಲಿ ತೆರೆದರೆ ಬ್ರೌಸರು ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸಿ ತೋರಿಸುತ್ತದೆ, ಅಲ್ಲಿಂದಲೇ ಪ್ರಿಂಟ್ ತೆಗೆ. ತೆರೆಯುವ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟ್ ಇರಬೇಕು, ಅಷ್ಟೆ.

ಕಟ್ ಸರಿಮಾಡಿ, ಡ್ರಾಪ್ಸ್ ಲೆಕ್ಕದಲ್ಲಿ ಸೀಳಿ, ಕೆಳಗೆ ರೋಗಿಗಳ ಸಂಖ್ಯೆ ಬರೆದು ಹೊಸ ಚಿತ್ರ ಕಳಿಸು. ಪಿಡಿಎಫ್ ಬೇಡ, ನನ್ನ ಫೋನಿನಲ್ಲಿ ತೆರೆಯುವುದಿಲ್ಲ. ಹುಣಸೇಹಣ್ಣಿನ ಗೊಜ್ಜು ಮುಗಿದಿದ್ದರೆ ಅಮ್ಮನಿಗೆ ಹೇಳು, ಈ ಕಡೆಯಿಂದ ಬರುವವರ ಕೈಯಲ್ಲಿ ಕಳಿಸುತ್ತೇನೆ. ಅಪ್ಪ ಅಮ್ಮನಿಗೆ ನನ್ನ ನೆನಪುಗಳು.

ಇಂತಿ ನಿನ್ನ,
ದೊಡ್ಡಮ್ಮ